ಹರಳು ಕಟ್ಟುವ ರೋಬೋಟಿಗೆ ಕಲಬುರಗಿಯಿಂದ ಪ್ರೋಟೀನ್ ಕಳಿಸುವ ಮುನ್ನ

ತೊಗರಿ ಕಾಳಿನ ಟ್ರಿಪ್ಸಿನ್ ಇನ್‌ಹಿಬಿಟರ್ (ಟ್ರಿಪ್ಸಿನ್ ಎಂಬ ಜೀರ್ಣಕಿಣ್ವವನ್ನು ತಡೆಯುವ ಪ್ರೋಟೀನ್) ಹೇಗೆ ಮಡಚಿಕೊಂಡಿದೆ, ಅದನ್ನು ಹರಳು ಕಟ್ಟಿಸಿ ಎಕ್ಸ್-ರೇ ಹಾಯಿಸಿ ರಚನೆ ನೋಡಬೇಕು ಅಂತ ಕಲಬುರಗಿಯಲ್ಲೋ ಬೀದರಿನಲ್ಲೋ ಯಾರಾದರೂ ಹೊರಟರೆ ಹರಳು ಕಟ್ಟಿಸುವ ರೋಬೋಟ್ ಪಕ್ಕದ ಕೋಣೆಯಲ್ಲಿ ಇರಲಿಕ್ಕಿಲ್ಲ. ಸ್ಯಾಂಪಲ್ಲನ್ನು ಬೆಂಗಳೂರಿಗೋ ಹೈದರಾಬಾದಿಗೋ ಕಳಿಸಬೇಕಾಗುತ್ತದೆ. ಅಲ್ಲಿ ಯಂತ್ರ ಒಂದು ಪ್ಲೇಟ್ ಹಾಕಿ ಮುಗಿಸಲು ಕೆಲವೇ ನಿಮಿಷ ಸಾಕು. ಹರಳು ಬರುತ್ತದೋ ಇಲ್ಲವೋ ಅನ್ನುವುದು ಬಹುಪಾಲು ಇಲ್ಲೇ, ಪೆಟ್ಟಿಗೆ ಮುಚ್ಚುವ ಮೊದಲೇ, ನಿರ್ಧಾರವಾಗಿರುತ್ತದೆ. ಹಾಗಾಗಿ ಈ ಬರಹದ ಹೆಚ್ಚಿನ ಭಾಗ ಪೆಟ್ಟಿಗೆಯೊಳಗೆ ಹೋಗುವ ಆ ಪುಟ್ಟ ಟ್ಯೂಬಿನ ಬಗ್ಗೆ.

ಮೊದಲು ಯಂತ್ರ ಮಾಡುವ ಕೆಲಸ. ಪ್ಲೇಟಿನಲ್ಲಿ 96 ಕುಳಿಗಳು, ಪ್ರತಿಯೊಂದರಲ್ಲೂ ಬೇರೆ ಬೇರೆ ದ್ರಾವಣ: ಒಂದರಲ್ಲಿ ಪಿಇಜಿ 3350 (ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪಾಲಿಮರ್), ಮತ್ತೊಂದರಲ್ಲಿ ಅಮೋನಿಯಂ ಸಲ್ಫೇಟ್, ಪಿಎಚ್ ಸುಮಾರು 4ರಿಂದ 9ರವರೆಗೆ. ಕುಳಿಯಲ್ಲಿ 50ರಿಂದ 80 ಮೈಕ್ರೋಲೀಟರ್ ದ್ರಾವಣ. ಪಕ್ಕದ ಪುಟ್ಟ ಕಟ್ಟೆಯ ಮೇಲೆ 100 ನ್ಯಾನೋಲೀಟರ್ ಪ್ರೋಟೀನ್, ಅದರ ಜೊತೆ 100 ನ್ಯಾನೋಲೀಟರ್ ಅದೇ ದ್ರಾವಣ. ಮೇಲೆ ಪಾರದರ್ಶಕ ಟೇಪ್. ಹನಿಯಲ್ಲಿರುವ ದ್ರಾವಣ ಕುಳಿಯದ್ದಕ್ಕಿಂತ ಅರ್ಧ ತೆಳು ಆದ್ದರಿಂದ ಹನಿಯ ನೀರು ಆವಿಯಾಗಿ ಕುಳಿಗೆ ಸೇರುತ್ತದೆ. ಹನಿ ಅರ್ಧಕ್ಕೆ ಕುಗ್ಗುವ ಹೊತ್ತಿಗೆ ಪ್ರೋಟೀನ್ ತನ್ನ ಮೊದಲಿನ ಸಾಂದ್ರತೆಗೆ ಮರಳಿರುತ್ತದೆ, ಆದರೆ ಈಗ ಅದರ ಸುತ್ತ ಪಿಇಜಿಯೋ ಉಪ್ಪೋ ಪೂರ್ತಿ ಬಲದಲ್ಲಿರುತ್ತದೆ. ಅವಸರವಾದರೆ ಪ್ರೋಟೀನ್ ಮೊಸರಿನ ಹಾಗೆ ಒಡೆದು ಕೂರುತ್ತದೆ. ನಿಧಾನವಾದರೆ ಕಲ್ಲುಸಕ್ಕರೆಯ ಹಾಗೆ ಕಟ್ಟುತ್ತದೆ.

ನ್ಯಾನೋಲೀಟರಿನ ಲಾಭ ಲೆಕ್ಕದಲ್ಲೇ ಕಾಣುತ್ತದೆ. ಒಂದು ಪ್ಲೇಟಿಗೆ 9.6 ಮೈಕ್ರೋಲೀಟರ್ ಪ್ರೋಟೀನ್, ತಳದಲ್ಲಿ ಉಳಿಯುವ ಪಾಲು ಸೇರಿಸಿ ಸುಮಾರು 15 ಎಂದು ಹಿಡಿಯಿರಿ. ನಾಲ್ಕು ಪ್ಲೇಟಿಗೆ 60 ಮೈಕ್ರೋಲೀಟರ್. ಮಿಲಿಲೀಟರಿಗೆ 10 ಮಿಲಿಗ್ರಾಂ ಇದ್ದರೆ ಒಟ್ಟು 0.6 ಮಿಲಿಗ್ರಾಂ ಪ್ರೋಟೀನ್. ಇದೇ 384 ಹನಿಯನ್ನು ಕೈಯಿಂದ ತಲಾ 1 ಮೈಕ್ರೋಲೀಟರ್ ಹಾಕಿದರೆ 3.84 ಮಿಲಿಗ್ರಾಂ ಖರ್ಚು. ತಿಂಗಳುಗಟ್ಟಲೆ ಶುದ್ಧೀಕರಿಸಿ 2 ಮಿಲಿಗ್ರಾಂ ಕೈಗೆ ಬಂದವರಿಗೆ ಈ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಬೇರೆ ಹೇಳಬೇಕಿಲ್ಲ.

ಇನ್ನು ಟ್ಯೂಬಿನೊಳಗಿನದು. ಕಾಳಿನಿಂದ ನೇರವಾಗಿ ತೆಗೆದ ಪ್ರೋಟೀನಿಗೆ ಮೊದಲ ಶತ್ರು ಪಾಲಿಫಿನಾಲ್, ಅಂದರೆ ಕಾಳಿನಲ್ಲಿರುವ ಒಗರು ವಸ್ತು. ಅರೆದ ಹಿಟ್ಟನ್ನು ಬಫರಿನಲ್ಲಿ ಕಲಕಿದ ಸ್ವಲ್ಪ ಹೊತ್ತಿಗೆ ಕಂದು ಬಣ್ಣ ತಿರುಗಿದರೆ ಪಾಲಿಫಿನಾಲ್ ಉತ್ಕರ್ಷಣಗೊಂಡು ಪ್ರೋಟೀನಿಗೆ ಅಂಟುತ್ತಿದೆ ಎಂದರ್ಥ. ಹಾಗೆ ಅಂಟಿದ್ದು ಆಮೇಲೆ ಯಾವ ಕಾಲಮ್ಮಿನಲ್ಲೂ ಪೂರ್ತಿ ಬಿಡುವುದಿಲ್ಲ. ಹಿಟ್ಟಿನ ಎಣ್ಣೆಯನ್ನು ತಣ್ಣನೆಯ ಅಸಿಟೋನಿನಲ್ಲಿ ತೆಗೆದು, ಬಫರಿಗೆ ಪಾಲಿಫಿನಾಲ್ ಹೀರಿಕೊಳ್ಳುವ ಪಿವಿಪಿಪಿ ಪುಡಿ ಶೇಕಡಾ 1–2 ಹಾಕಿ, ಎಲ್ಲವನ್ನೂ 4 ಡಿಗ್ರಿಯಲ್ಲೇ ಮಾಡಿ.

ಎರಡನೆಯದು ಐಸೋಫಾರ್ಮ್. ಪ್ರೋಟೀನನ್ನು ಗಾತ್ರದ ಮೇಲೆ ಬೇರ್ಪಡಿಸುವ ಎಸ್‌ಡಿಎಸ್ ಜೆಲ್ಲಿನಲ್ಲಿ ಒಂದೇ ಪಟ್ಟಿ ಕಂಡಿತೆಂದು ನಿಶ್ಚಿಂತರಾಗಬೇಡಿ. ಒಂದೆರಡು ಅಮೈನೋ ಆಮ್ಲದಲ್ಲಷ್ಟೇ ಬೇರೆಯಾದ ಅಣ್ಣತಮ್ಮಂದಿರು ಆ ಒಂದೇ ಪಟ್ಟಿಯಲ್ಲಿ ಕೂತಿರುತ್ತಾರೆ. ಹರಳು ಕಟ್ಟುವುದು ಒಂದೇ ಅಳತೆಯ ಇಟ್ಟಿಗೆ ಪೇರಿಸಿದ ಹಾಗೆ. ನಡುವೆ ಬೇರೆ ಅಳತೆಯದು ಸೇರಿದರೆ ಸಾಲು ಅಲ್ಲಿಗೇ ನಿಲ್ಲುತ್ತದೆ. ವಿದ್ಯುದಾವೇಶದ ಮೇಲೆ ಬೇರ್ಪಡಿಸುವ ಅಯಾನ್ ಎಕ್ಸ್‌ಚೇಂಜ್ ಕಾಲಮ್ಮಿನಲ್ಲಿ ಉಪ್ಪನ್ನು ನಿಧಾನವಾಗಿ ಏರಿಸುತ್ತ (ಗ್ರೇಡಿಯೆಂಟ್) ಹೋಗಿ, ಪ್ರೋಟೀನನ್ನು ಬಿಚ್ಚದೆ ಓಡಿಸುವ ನೇಟಿವ್ ಜೆಲ್ಲಿನಲ್ಲೂ ಒಂದೇ ಪಟ್ಟಿ ಬರುವ ಫ್ರಾಕ್ಷನ್ನುಗಳನ್ನು ಮಾತ್ರ ಕೂಡಿಸಿ. ಕೊನೆಗೆ ಜೆಲ್ ಫಿಲ್ಟ್ರೇಷನ್ (ಗಾತ್ರದ ಮೇಲೆ ಬೇರ್ಪಡಿಸುವ ಕಾಲಮ್) ಕಡ್ಡಾಯ.

ಮೂರನೆಯದು ಸಾಂದ್ರತೆಯ ಲೆಕ್ಕ. ಇಲ್ಲಿ ಬಹಳ ಜನ ಎಡವುತ್ತಾರೆ. ಬೋಮನ್-ಬರ್ಕ್ ಎಂಬುದು ಇಂಥ ಇನ್‌ಹಿಬಿಟರುಗಳ ಒಂದು ಗುಂಪು. ಸೋಯಾದ ಬೋಮನ್-ಬರ್ಕ್ ಇನ್‌ಹಿಬಿಟರಿನಲ್ಲಿ ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲ ಒಂದೂ ಇಲ್ಲ. ನಿಮ್ಮ ತೊಗರಿಯದ್ದೂ ಅದೇ ಗುಂಪಿನದ್ದಾದರೆ ಅನುಕ್ರಮ ತೆಗೆದು ನೋಡಿ. ಟ್ರಿಪ್ಟೊಫ್ಯಾನ್ ಇಲ್ಲದ ಪ್ರೋಟೀನ್ 280 ನ್ಯಾನೋಮೀಟರಿನಲ್ಲಿ ಬೆಳಕು ಹೀರುವುದೇ ಕಡಿಮೆ. ರೀಡಿಂಗ್ 1 ಬಂದರೆ ಮಿಲಿಲೀಟರಿಗೆ 1 ಮಿಲಿಗ್ರಾಂ ಎಂದು ಕಣ್ಣುಮುಚ್ಚಿ ಹಿಡಿದರೆ, 10 ಎಂದುಕೊಂಡು ಕಳಿಸಿದ್ದು ನಿಜದಲ್ಲಿ 20 ದಾಟಿರಬಹುದು. ಆಗ ಪ್ಲೇಟ್ ತುಂಬ ಗಸಿ ಬರುತ್ತದೆ, ತಪ್ಪು ರೋಬೋಟಿನ ತಲೆಗೆ ಬರುತ್ತದೆ. ಅನುಕ್ರಮದಿಂದ ಎಕ್ಸ್‌ಟಿಂಕ್ಷನ್ ಕೋಎಫಿಶಿಯೆಂಟ್ (ಈ ಪ್ರೋಟೀನ್ ಎಷ್ಟು ಬೆಳಕು ಹೀರುತ್ತದೆ ಎಂಬ ಸಂಖ್ಯೆ) ಲೆಕ್ಕ ಹಾಕಿ, ಬಣ್ಣದಿಂದ ಪ್ರೋಟೀನ್ ಅಳೆಯುವ ಬಿಸಿಎ ವಿಧಾನದಲ್ಲಿ ಇನ್ನೊಮ್ಮೆ ತಾಳೆ ನೋಡಿ.

ಬಫರ್ ತೆಳುವಾಗಿರಲಿ: 10 ಮಿಲಿಮೋಲಾರ್ ಹೆಪೆಸ್ ಅಥವಾ ಟ್ರಿಸ್, 100 ಮಿಲಿಮೋಲಾರ್ ಉಪ್ಪು. ಗಟ್ಟಿ ಬಫರ್ ಇದ್ದರೆ 96 ಕುಳಿಗಳ ಪಿಎಚ್ ಬದಲಾವಣೆಯನ್ನೆಲ್ಲ ಅದೇ ನುಂಗಿಬಿಡುತ್ತದೆ. ಫಾಸ್ಫೇಟ್ ಬೇಡವೇ ಬೇಡ. ಪ್ಲೇಟಿನ ದ್ರಾವಣಗಳಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ, ಜಿಂಕ್ ಜೊತೆ ಸೇರಿ ಅಂದವಾದ ಉಪ್ಪಿನ ಹರಳು ಕಟ್ಟಿ ಮೋಸ ಮಾಡುತ್ತದೆ. ಗ್ಲಿಸರಾಲ್ ಶೇಕಡಾ 5ರೊಳಗೆ ಇರಲಿ. ಸಾಮಾನ್ಯ ಸಲಹೆಯೆಂದು ಟಿಸಿಇಪಿ ಅಥವಾ ಡಿಟಿಟಿ ಸುರಿಯುವ ಮೊದಲು ಒಂದು ಕ್ಷಣ ನಿಲ್ಲಿ: ಬೋಮನ್-ಬರ್ಕ್ ಗುಂಪಿನ ಪ್ರೋಟೀನ್ ಗಟ್ಟಿಯಾಗಿ ನಿಂತಿರುವುದೇ ಡೈಸಲ್ಫೈಡ್ (ಗಂಧಕ-ಗಂಧಕ) ಬೆಸುಗೆಗಳ ಮೇಲೆ. ಇವೆರಡರಂಥ ರಿಡ್ಯೂಸಿಂಗ್ ಏಜೆಂಟ್ ಆ ಬೆಸುಗೆಯನ್ನೇ ಬಿಚ್ಚುತ್ತದೆ.

ಕಳಿಸುವುದಕ್ಕೆ 30–50 ಮೈಕ್ರೋಲೀಟರಿನಂತೆ ತೆಳು ಗೋಡೆಯ ಪಿಸಿಆರ್ ಟ್ಯೂಬಿಗೆ ಹಂಚಿ, ದ್ರವ ಸಾರಜನಕದಲ್ಲಿ ಅದ್ದಿ ಒಮ್ಮೆಲೇ ಗಟ್ಟಿ ಮಾಡಿ. ಫ್ರೀಜರಿನಲ್ಲಿ ನಿಧಾನವಾಗಿ ಹೆಪ್ಪುಗಟ್ಟಿದರೆ ಉಪ್ಪೆಲ್ಲ ಒಂದು ಕಡೆ ಸೇರಿ ಪ್ರೋಟೀನ್ ಕೆಡುತ್ತದೆ. ದ್ರವ ಸಾರಜನಕ ನಮ್ಮ ಕಡೆ ಅಪರೂಪವೇನಲ್ಲ. ಆಕಳು-ಎಮ್ಮೆಗಳ ಕೃತಕ ಗರ್ಭಧಾರಣೆಗೆ ವೀರ್ಯದ ಸ್ಟ್ರಾ ಇಡುವ ಕ್ಯಾನುಗಳಲ್ಲಿ ಇರುವುದೂ ಅದೇ. ಬೀದರಿನಲ್ಲಂತೂ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ, ವಿಚಾರಿಸಿ ನೋಡ್ರಿ. ಒಂದು ಟ್ಯೂಬನ್ನು ಮಾತ್ರ ಕಳಿಸದೆ ಇಟ್ಟುಕೊಂಡು, ಕರಗಿಸಿ ಮತ್ತೆ ಜೆಲ್ ಫಿಲ್ಟ್ರೇಷನ್ ಓಡಿಸಿ. ಗ್ರಾಫಿನ ಶುರುವಿನಲ್ಲೇ ಹೊಸ ಗುಡ್ಡ ಎದ್ದರೆ ಅಣುಗಳು ಗುಂಪುಗಟ್ಟಿವೆ ಎಂದರ್ಥ, ಈ ಪ್ರೋಟೀನ್ ಹೆಪ್ಪುಗಟ್ಟುವುದನ್ನು ತಾಳುವುದಿಲ್ಲ. ಜೆಲ್ ಪ್ಯಾಕಿನಲ್ಲಿ 4 ಡಿಗ್ರಿಯಲ್ಲಿಟ್ಟು ರಾತ್ರಿಯ ರೈಲಿನಲ್ಲಿ ಯಾರಾದರೂ ಒಯ್ಯುವುದೇ ಲೇಸು.

ಏಪ್ರಿಲ್-ಮೇ ತಿಂಗಳಲ್ಲಿ ಇಲ್ಲಿ ಪಾರ 40 ದಾಟುತ್ತದೆ. ಸಾಧಾರಣ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಡ್ರೈ ಐಸ್ (ಗಟ್ಟಿಯಾದ ಇಂಗಾಲದ ಡೈಆಕ್ಸೈಡ್) ದಿನಕ್ಕೆ 2ರಿಂದ 4 ಕಿಲೋ ಆವಿಯಾಗಿ ಹೋಗುತ್ತದೆ, ಬಿಸಿಲಿನಲ್ಲಿ ಇನ್ನೂ ಬೇಗ. ಎರಡು ದಿನದ ದಾರಿಗೆ 10 ಕಿಲೋ ಹಾಕಿ, ಸೋಮವಾರ ಕಳಿಸಿ, ಶುಕ್ರವಾರ ಖಂಡಿತ ಬೇಡ. ಪೆಟ್ಟಿಗೆಯನ್ನು ಗಾಳಿಯಾಡದಂತೆ ಟೇಪ್ ಸುತ್ತಬೇಡಿ, ಒಳಗಿನ ಅನಿಲ ಹೊರಹೋಗಲು ದಾರಿ ಇಲ್ಲದಿದ್ದರೆ ಸಿಡಿಯುತ್ತದೆ. ಟ್ಯೂಬಿನ ಮುಚ್ಚಳಕ್ಕೆ ಮಾತ್ರ ಪ್ಯಾರಾಫಿಲ್ಮ್ ಬಿಗಿಯಾಗಿ ಸುತ್ತಿ. ಇಂಗಾಲದ ಡೈಆಕ್ಸೈಡ್ ಒಳಹೊಕ್ಕರೆ ತೆಳು ಬಫರಿನ ಪಿಎಚ್ ಇಳಿದು ಪ್ರೋಟೀನ್ ತಳಕ್ಕೆ ಕೂರುತ್ತದೆ. ತಲುಪಿದ ಮೇಲೆ ಕರಗಿಸಿ, 4 ಡಿಗ್ರಿಯಲ್ಲಿ 10 ನಿಮಿಷ ಸೆಂಟ್ರಿಫ್ಯೂಜಿನಲ್ಲಿ 15,000 ಜಿ ಬಲದಲ್ಲಿ ತಿರುಗಿಸಿ, ಮೇಲಿನ ತಿಳಿಯನ್ನಷ್ಟೇ ಬಳಸಬೇಕೆಂದು ಚೀಟಿಯಲ್ಲಿ ಬರೆದಿಡಿ.

ಆಮೇಲೆ ಅಲ್ಲಿಂದ ಹನಿಗಳ ಕ್ಯಾಮೆರಾ ಚಿತ್ರಗಳು ಬರತೊಡಗುತ್ತವೆ: ಮೊದಲ ದಿನ, ಮೂರನೇ ದಿನ, ಒಂದು ವಾರ, ಹೀಗೆ. ಮೊದಲ ದಿನದ ಚಿತ್ರವನ್ನು ಎಂದೂ ಬಿಡಬೇಡಿ. ಮೂರನೇ ವಾರ ಕಾಣುವ ಉದ್ದನೆಯ ‘ಸೂಜಿ’ ಮೊದಲ ದಿನವೂ ಅಲ್ಲೇ ಇದ್ದರೆ ಅದು ಬಟ್ಟೆಯ ಎಳೆ. ಅರ್ಧಕ್ಕಿಂತ ಎಷ್ಟೋ ಹೆಚ್ಚು ಹನಿಗಳು ತಿಳಿಯಾಗಿಯೇ ಉಳಿದರೆ ಸಾಂದ್ರತೆ ಸಾಲದು. ಬಹುಪಾಲು ಕೂಡಲೇ ಕಂದು ಗಸಿಯಾದರೆ ಜಾಸ್ತಿಯಾಯಿತು. ಎಣ್ಣೆಯ ಕಣ್ಣುಗಳಂತೆ ಪುಟ್ಟ ಹನಿಗಳು ಬೇರ್ಪಟ್ಟಿದ್ದರೆ ಖುಷಿಪಡಿ, ಹರಳಿನ ಜಾಗ ಹತ್ತಿರದಲ್ಲೇ ಇದೆ. ಯುವಿ ಚಿತ್ರದಲ್ಲಿ ಹೊಳೆಯದ್ದೆಲ್ಲ ಉಪ್ಪು ಅಂತ ಒಂದು ನಂಬಿಕೆ ಇದೆ. ಯುವಿಯಲ್ಲಿ ಹೊಳೆಯುವುದು ಮುಖ್ಯವಾಗಿ ಟ್ರಿಪ್ಟೊಫ್ಯಾನ್. ಅದಿಲ್ಲದ ಪ್ರೋಟೀನಿನ ಹರಳು ಕತ್ತಲಾಗಿಯೇ ಕಾಣುತ್ತದೆ, ಒಳ್ಳೆಯ ಹರಳನ್ನು ಉಪ್ಪೆಂದು ಬಿಸಾಡಿಬಿಡುತ್ತೀರಿ. ಅನುಮಾನವಿದ್ದಲ್ಲಿ ಸೂಜಿಯ ತುದಿಯಿಂದ ಒತ್ತಿ ನೋಡಲು ಕೇಳಿ: ಪ್ರೋಟೀನಿನ ಹರಳು ಪುಡಿಯಾಗುತ್ತದೆ, ಉಪ್ಪಿನದು ಕಟ್ ಅನ್ನುತ್ತದೆ.

ಬರೀ ಸೂಜಿಗುಚ್ಛ ಬಂದರೆ ಅದನ್ನೇ ಬಿತ್ತನೆಬೀಜ ಮಾಡಿಕೊಳ್ಳಬಹುದು. ಗುಚ್ಛವನ್ನು ಆ ಕುಳಿಯದೇ 50 ಮೈಕ್ರೋಲೀಟರ್ ದ್ರಾವಣದಲ್ಲಿ ಮಣಿ ಹಾಕಿ ಪುಡಿಮಾಡಿ, ಹೊಸ ಪ್ಲೇಟಿನಲ್ಲಿ 3 ಪಾಲು ಪ್ರೋಟೀನ್, 2 ಪಾಲು ದ್ರಾವಣ, 1 ಪಾಲು ಬೀಜ ಎಂದು ಹಾಕಿಸಿ. ಕೈಯಿಂದ ಮಾಡಲು ಕಷ್ಟವಾದ ಈ ಕೆಲಸ ರೋಬೋಟಿಗೆ ಸಲೀಸು.

ಸಿಕ್ಕ ಹರಳನ್ನು ಇಲ್ಲಿಯ ಲ್ಯಾಬಿನಲ್ಲಿ 2 ಮೈಕ್ರೋಲೀಟರ್ ಹನಿಯಲ್ಲಿ ಮತ್ತೆ ಬೆಳೆಸುವಾಗ ಮೊದಲ ಸಲ ರೋಬೋಟ್ ಸೇವೆಯವರು ಬಳಸಿದ ಬಾಟಲಿಯ ದ್ರಾವಣವನ್ನೇ ತರಿಸಿಕೊಳ್ಳಿ. ಹಳೆಯ ಪಿಇಜಿ ಕಾಲ ಕಳೆದಂತೆ ಉತ್ಕರ್ಷಣಗೊಂಡು ಆಮ್ಲೀಯವಾಗುವುದರಿಂದ, ನೀವು ಹೊಸದಾಗಿ ಕಲಸಿದ್ದು ಅದಕ್ಕೆ ಹೊಂದದಿರಬಹುದು. ದೊಡ್ಡ ಹನಿ ನಿಧಾನವಾಗಿ ಒಣಗುತ್ತದೆ, ಆದ್ದರಿಂದ ಪಿಇಜಿಯನ್ನು ಶೇಕಡಾ 2ರ ಹೆಜ್ಜೆಯಲ್ಲಿ ಮೇಲೆ-ಕೆಳಗೆ ಮಾಡಿ ನೋಡಬೇಕು. ಬ್ಯಾಸಗಿಯ ಒಣ ಗಾಳಿಯಲ್ಲಿ ಕೈಯಿಂದ ಹಾಕುವ ಪ್ಲೇಟಿನ 24 ಕುಳಿಗೂ ಹನಿ ಹಾಕಿ ಆಮೇಲೆ ಮುಚ್ಚುವುದು ಬೇಡ, ಒಂದು ಹನಿ ಹಾಕಿ ಒಂದು ಕುಳಿ ಮುಚ್ಚಿ. ಪ್ಲೇಟನ್ನು 20 ಡಿಗ್ರಿಯ ಬಿಒಡಿ ಇನ್‌ಕ್ಯುಬೇಟರಿನಲ್ಲಿ (ತಂಪು ಮಾಡಬಲ್ಲ ಇನ್‌ಕ್ಯುಬೇಟರ್) ನೇರವಾಗಿ ಇಡದೆ ಥರ್ಮೋಕೋಲ್ ಡಬ್ಬಿಯೊಳಗಿಟ್ಟು, ಸುತ್ತ ಅದೇ ತಾಪಮಾನಕ್ಕೆ ಬಂದ ನೀರಿನ ಬಾಟಲಿ ಜೋಡಿಸಿ. ರಾತ್ರಿ ಕರೆಂಟ್ ಹೋಗಿ ಬಂದರೂ ಹನಿಗೆ ಅದು ಬೇಗ ತಟ್ಟುವುದಿಲ್ಲ.