ಎಷ್ಟು ಕ್ಯೂಸೆಕ್ ಬಿಟ್ಟರೆ?

ಬೆಂಗಳೂರಿನಲ್ಲೂ ಒಂದು ಸಂಗಮವಿದೆ ಎಂದಾಗ ನನ್ನ ಸೋದರಮಾವ ನಕ್ಕುಬಿಟ್ಟರು. ಅವರದು ತಿರುಮಕೂಡಲು ನರಸೀಪುರ. ಕಾವೇರಿ, ಕಪಿಲೆಗಳ ಜೊತೆಗೆ ಕಣ್ಣಿಗೆ ಕಾಣದ ಸ್ಫಟಿಕ ಸರೋವರವನ್ನೂ ಸೇರಿಸಿ ತ್ರಿವೇಣಿ ಎಂದು ಎಣಿಸುವ ಊರಿನವರು ನಗದೆ ಇನ್ನೇನು ಮಾಡಿಯಾರು! ಮೈಸೂರು ರಸ್ತೆಯಲ್ಲಿ ಒಂದು ಮದುವೆಯ ಊಟ ಮುಗಿಸಿದ ಮೇಲೆ, ತೋರಿಸಿಯೇ ಬಿಡೋಣವೆಂದು ಅವರನ್ನು ಗಾಳಿ ಆಂಜನೇಯ ಗುಡಿಗೆ ಕರೆದುಕೊಂಡು ಹೋದೆ.

ವ್ಯಾಸರಾಯರು ಪ್ರತಿಷ್ಠಾಪಿಸಿದರೆಂದು ಭಕ್ತರು ನಂಬುವ ಈ ಗುಡಿ ಇರುವುದು ವೃಷಭಾವತಿ ನದಿಗೆ ಪಶ್ಚಿಮವಾಹಿನಿ ಎಂಬ ಹೊಳೆ ಬಂದು ಸೇರುತ್ತಿದ್ದ ಜಾಗದಲ್ಲಿ ಎನ್ನುತ್ತಾರೆ. ದರ್ಶನ ಮುಗಿಸಿದ ಮಾವ ಅಭ್ಯಾಸಬಲದಿಂದ ಸ್ನಾನಘಟ್ಟ ಹುಡುಕಿದರು. ಸಿಕ್ಕಿದ್ದು ಎರಡು ಕಾಂಕ್ರೀಟ್ ಗೋಡೆ, ನಡುವೆ ನೊರೆ ಕಟ್ಟಿಕೊಂಡ ಕಪ್ಪು ನೀರು. "ತಲೆಯ ಮೇಲೆ ಪ್ರೋಕ್ಷಿಸಿಕೊಳ್ಳುವಂತೆಯೂ ಇಲ್ಲವಲ್ಲಯ್ಯಾ" ಎಂದು ಮೂಗಿಗೆ ಪಂಚೆಯ ಚುಂಗು ಹಿಡಿದರು.

ಹೂ ಮಾರುತ್ತಿದ್ದ ಹೆಂಗಸು ಕೇಳಿಸಿಕೊಂಡಳು. "ಸುಮ್ಮನೆ ಬಿದ್ದಿದೆ ಅಂದುಕೊಳ್ಳಬೇಡಿ ಯಜಮಾನರೇ. ಜೋರು ಮಳೆ ಹೊಡೆದರೆ ರಸ್ತೆ ಕಾಣುವುದಿಲ್ಲ, ಗುಡಿಯೊಳಗೂ ನುಗ್ಗುತ್ತದೆ."

ಮಾವನ ಮುಖಕ್ಕೆ ಕಳೆ ಬಂತು. ಪ್ರವಾಹ ಅವರ ವಿಷಯ. "ಎಷ್ಟು ಕ್ಯೂಸೆಕ್ ಬಿಟ್ಟರೆ ಇಲ್ಲಿಗೆ ಬರುತ್ತದಮ್ಮಾ?"

"ಯಾರು ಬಿಡುತ್ತಾರೆ ಸ್ವಾಮಿ? ಅದೇ ಬರುತ್ತದೆ!"

ಕಪಿಲೆಯ, ಅಂದರೆ ಕಬಿನಿಯ, ದಂಡೆಯ ಜನರಿಗೆ ಇದು ಅರ್ಥವಾಗುವ ಉತ್ತರವಲ್ಲ. 2019ರ ಆಗಸ್ಟ್‌ನಲ್ಲಿ ಮೈಸೂರು–ನಂಜನಗೂಡು ರಸ್ತೆಯೇ ಮುಳುಗಿ ಬಂದ್ ಆಗಿತ್ತು. ಆದರೂ ವಯನಾಡಿನಲ್ಲಿ ಮಳೆ ಹೆಚ್ಚಿದೆ, ಜಲಾಶಯ ತುಂಬಿದೆ, ಹೊರಹರಿವು ಇಷ್ಟು ಎಂಬ ಸುದ್ದಿ ನೀರಿಗಿಂತ ಮೊದಲು ಬಂದಿರುತ್ತದೆ. ದನ ಬಿಚ್ಚಿಕೊಂಡು, ಪಾತ್ರೆಪಡಗ ಕಟ್ಟಿಕೊಂಡು ಹೊರಡಲು ವ್ಯವಧಾನವಿರುತ್ತದೆ. ಇಲ್ಲಿ ಅರ್ಧ ಗಂಟೆಯ ಮಳೆ ಸಾಕು. ಬೆಂಗಳೂರು ದಿಣ್ಣೆಯ ಮೇಲಿನ ಊರು. ಪೂರ್ವದ ಇಳಿಜಾರಿನ ನೀರು ದಕ್ಷಿಣ ಪಿನಾಕಿನಿಗೆ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರಿನ ಕಡೆ ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋದವರ ಚಿತ್ರಗಳನ್ನು ದೇಶವೆಲ್ಲ ನೋಡಿತು. ಈ ಕಡೆಯ ಮಲ್ಲೇಶ್ವರ, ರಾಜಾಜಿನಗರ, ಬಸವನಗುಡಿಗಳ ನೀರು ವೃಷಭಾವತಿಗೆ. ತೋಟ, ಗದ್ದೆ, ಕೆರೆಗಳಿದ್ದಾಗ ಇಂಗುತ್ತ, ನಿಲ್ಲುತ್ತ ಬರುತ್ತಿದ್ದದ್ದು ಈಗ ತಾರಸಿಯಿಂದ ಡಾಂಬರಿಗೆ, ಡಾಂಬರಿನಿಂದ ರಾಜಕಾಲುವೆಗೆ ಒಂದೇ ಓಟ. ಕಾಲುವೆಯ ಗೋಡೆ ಎತ್ತರಿಸುವುದೇ ಪರಿಹಾರವೆಂದು ನನಗೆ ಅನ್ನಿಸುವುದಿಲ್ಲ. ಅದರಿಂದ ಮುಳುಗುವ ಬಡಾವಣೆ ಬದಲಾಗುತ್ತದೆ, ಅಷ್ಟೆ.

ಇಷ್ಟನ್ನೂ ವಿವರಿಸಿದೆ.

"ರಾಜಾಜಿನಗರದ್ದೂ ಇಲ್ಲಿಗೇ ಎಂದೆಯಲ್ಲ? ಹಾಗಾದರೆ ನೀರು ಬಿಟ್ಟವನು ನೀನೇ" ಎಂದರು ಮಾವ.

ರಾಜಾಜಿನಗರದ ನಮ್ಮದು ಮೂವತ್ತು–ನಲವತ್ತು ಅಡಿ ನಿವೇಶನದ ಹಳೆಯ ಮನೆ, ಮಳೆಕೊಯ್ಲು ಕಡ್ಡಾಯವಲ್ಲ ಎಂದೆ. ಅವರು ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

"ಇದು ಮುಂದೆ ಎಲ್ಲಿಗೆ ಹೋಗುತ್ತದೆ?"

ಬೈರಮಂಗಲದ ಕೆರೆ, ಆಮೇಲೆ ಕನಕಪುರದ ಕಡೆ ಅರ್ಕಾವತಿ, ಕೊನೆಗೆ ಮೇಕೆದಾಟಿನ ಹತ್ತಿರದ ಸಂಗಮದಲ್ಲಿ ಕಾವೇರಿ ಎಂದೆ. ಅವರ ಹುಬ್ಬು ಗಂಟಿಕ್ಕಿತು. ಕಾವೇರಿ ಎಂದೊಡನೆ ಅದು ಅವರ ಮನೆಯ ಹಿತ್ತಿಲು. ಮನಸ್ಸಿನಲ್ಲೇ ಹೊಳೆಯುದ್ದಕ್ಕೂ ನಡೆದು ಬಂದವರಂತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಕೆದಾಟು ನಮ್ಮೂರಿಂದ ಕೆಳಗಲ್ಲವೇ? ಸದ್ಯ, ಬದುಕಿದೆವು" ಎಂದು ಚಪ್ಪಲಿ ಮೆಟ್ಟಿಕೊಂಡರು.