ಹೊಸ ವರ್ಷಕ್ಕಿಂತ ದೊಡ್ಡದಂತೆ ಈ ಹಬ್ಬ

ಹಾಂಗ್‌ಕಾಂಗ್‌ನಲ್ಲಿ ಡಿಸೆಂಬರ್ 21 ಅಥವಾ 22ರ ಸಂಜೆ ಯಾರ ಜೊತೆಗೂ ಮೀಟಿಂಗ್ ಇಟ್ಟುಕೊಳ್ಳಬೇಡಿ. ನಾಲ್ಕು ಗಂಟೆಗೆಲ್ಲ ನಮ್ಮ ಆಫೀಸು ಖಾಲಿ. ಎಲ್ಲರೂ ಅಪ್ಪ ಅಮ್ಮನ ಮನೆಗೆ ಊಟಕ್ಕೆ ಹೊರಟಿರುತ್ತಾರೆ. ಅವತ್ತು ವರ್ಷದ ಅತಿ ಚಿಕ್ಕ ಹಗಲು, ಚೀನೀಯರ ಡಾಂಗ್‌ಝಿ ಹಬ್ಬ. ಇದು ಚೀನೀ ಹೊಸ ವರ್ಷಕ್ಕಿಂತ ದೊಡ್ಡದು ಅಂತ ದಕ್ಷಿಣ ಚೀನಾದ ಕ್ಯಾಂಟನೀಸ್ ಭಾಷೆಯ ಜನರಲ್ಲಿ ಒಂದು ಮಾತೇ ಇದೆ. ಹಾಗಂತ ಎಲ್ಲರಿಗೂ ರಜೆ ಸಿಗುವುದಿಲ್ಲ. ಇಲ್ಲಿನ ಕಾನೂನಿನಲ್ಲಿ ಮಾಲೀಕರು ಈ ಹಬ್ಬಕ್ಕೋ ಕ್ರಿಸ್‌ಮಸ್‌ಗೋ ಒಂದಕ್ಕೆ ರಜೆ ಕೊಟ್ಟರೆ ಸಾಕು. ನಮ್ಮಲ್ಲಿ ಕ್ರಿಸ್‌ಮಸ್‌ಗೆ ಕೊಡುತ್ತಾರೆ, ಅದಕ್ಕೇ ಇವತ್ತು ಬೇಗ ಬಿಡುವುದು.

ಊಟ ಮುಗಿದ ಮೇಲೆ ಟಾಂಗ್‌ಯುವಾನ್. ಅಂಟಕ್ಕಿ ಹಿಟ್ಟಿನ ಉಂಡೆ, ಒಳಗೆ ಕರಿ ಎಳ್ಳಿನ ಹೂರಣ, ಅದನ್ನು ಬಿಸಿ ಬಿಸಿ ಶುಂಠಿ ಪಾಕದಲ್ಲಿ ಹಾಕಿ ಕೊಡುತ್ತಾರೆ. ದುಂಡಗಿರುವುದು ಮನೆಮಂದಿ ಒಟ್ಟಿಗೆ ಇರಲಿ ಅಂತ. ತಿಂದರೆ ಒಂದು ವರ್ಷ ವಯಸ್ಸು ಜಾಸ್ತಿ ಆಯಿತು ಅಂತಲೂ ಲೆಕ್ಕ. ಸಸ್ಯಾಹಾರಿಗಳು ಸುಮ್ನೆ ಬಾಯಿಗೆ ಹಾಕಿಕೊಳ್ಳಬೇಡಿ, ಕೇಳಿ ತಿನ್ನಿ. ಹೂರಣಕ್ಕೆ ಹಂದಿ ಕೊಬ್ಬು ಸೇರಿಸುವುದು ಹಳೇ ರೂಢಿ.

ಫೋನಲ್ಲಿ ಅಮ್ಮನಿಗೆ ಎಳ್ಳಿನ ವಿಷಯ ಹೇಳಿದರೆ, "ಸಂಕ್ರಾಂತಿಗೆ ಇನ್ನೂ ಮೂರು ವಾರ ಇದೆಯಲ್ಲೋ" ಅಂದರು. ನಿಜ ಹೇಳಬೇಕೆಂದರೆ ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್‌ನಲ್ಲೇ, ಅಲ್ವಾ? ನಮ್ಮ ಪಂಚಾಂಗದ್ದು ನಕ್ಷತ್ರದ ಲೆಕ್ಕ, ಹಾಗಾಗಿ ಸಂಕ್ರಾಂತಿ ಜನವರಿ 14-15ರವರೆಗೆ ಸರಿದುಬಂದಿದೆ. ಅಮ್ಮನ ಹತ್ತಿರ ಇದನ್ನೆಲ್ಲ ವಾದ ಮಾಡಲಿಲ್ಲ.

ಉತ್ತರ ಚೀನಾದವರಿಗೆ ಅವತ್ತು ಜಿಯಾವ್‌ಝಿ ಬೇಕು. ನೋಡಲು ನಮ್ಮ ಕರಿಗಡುಬಿನ ಹಾಗೆ, ಆದರೆ ಎಣ್ಣೆಯಲ್ಲಲ್ಲ, ನೀರಲ್ಲಿ ಬೇಯಿಸುತ್ತಾರೆ. ತಿನ್ನದಿದ್ದರೆ ಚಳಿಗೆ ಕಿವಿ ಉದುರುತ್ತದೆ ಅಂತ ಮಕ್ಕಳನ್ನು ಹೆದರಿಸುತ್ತಾರೆ. ಚೀನಾದ ಹಳೇ ಹಾನ್ ರಾಜವಂಶದ ಕಾಲದ ವೈದ್ಯ ಝಾಂಗ್ ಝೊಂಗ್‌ಜಿಂಗ್, ಕಿವಿ ಮರಗಟ್ಟಿದ ಬಡವರಿಗೆ ಕುರಿಮಾಂಸ, ಔಷಧಿ ಎಲ್ಲ ಸೇರಿಸಿ ಕಿವಿಯ ಆಕಾರದಲ್ಲಿ ಕಣಕ ಸುತ್ತಿ ಬೇಯಿಸಿ ಕೊಟ್ಟನಂತೆ. ವೈದ್ಯನೇನೋ ಇದ್ದದ್ದು ನಿಜ. ಕಡುಬಿನ ಕಥೆ ಜನ ಆಮೇಲೆ ಕಟ್ಟಿದ್ದಿರಬೇಕು.

ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಚಳಿ ಎಣಿಸುವ ಚಿತ್ರ. ಈ ದಿನದಿಂದ ಒಂಬತ್ತು ಒಂಬತ್ತಲ, 81 ದಿನ ಚಳಿ. ಹಿಂದೆ 81 ಎಸಳಿರುವ ಪ್ಲಮ್ ಹೂವಿನ ಕೊಂಬೆ ಬರೆದು ಗೋಡೆಗೆ ಹಾಕಿ, ದಿನಕ್ಕೊಂದು ಎಸಳಿಗೆ ಬಣ್ಣ ತುಂಬುತ್ತಿದ್ದರು. ಕೊನೆಯ ಎಸಳಿಗೆ ಬಣ್ಣ ಬೀಳುವಾಗ ಮಾರ್ಚ್, ವಸಂತ ಬಂದಿರುತ್ತದೆ. ಬೀಜಿಂಗ್ ಚಳಿಗೆ ಸರಿ, ಹಾಂಗ್‌ಕಾಂಗ್‌ನ ಸ್ವೆಟರ್ ಚಳಿಗೆ ಇಷ್ಟೆಲ್ಲ ಬೇಡ. ಆದರೂ ಒಂದು ಪ್ರಿಂಟ್ ತೆಗೆದು ಮಗಳ ಕೈಗೆ ಕೊಟ್ಟೆ. ಮೊದಲ ಸಂಜೆಯೇ ಕೂತು ಒಂದಿಡೀ ಹೂವಿಗೆ ಕೆಂಪು ಬಳಿದು ಮುಗಿಸಿದ್ದಾಳೆ.