ಸಿಂಹಾಸನ ಏರಿದ ಪ್ಯಾರಿಸ್ ಪೋರ

ಐಫೆಲ್ ಟವರ್ ನೋಡಿದೆವು. ಕ್ಯೂ, ಬಿಸಿಲು, ಸೆಲ್ಫಿ. ಲೂವ್ರ್‌ನಲ್ಲಿ ಕಾಲು ನೋವು. ಅದರ ಬಗ್ಗೆ ಇಷ್ಟು ಸಾಕು. ನನಗೆ ಬರೆಯಬೇಕು ಅನ್ನಿಸಿದ್ದು ಮೆಟ್ರೋ 13ನೇ ಲೈನ್ ಹಿಡಿದು ಹೋದ ಸಾಂ-ದನಿ ಬಗ್ಗೆ.

ಪ್ಯಾರಿಸ್‌ನ ಉತ್ತರಕ್ಕಿರುವ ಈ ಊರಲ್ಲಿ ಫ್ರಾನ್ಸಿನ ರಾಜರನ್ನು ಹೂಳುತ್ತಿದ್ದ ದೊಡ್ಡ ಚರ್ಚ್ ಇದೆ. ಒಳಗೆ ರಾಜ ರಾಣಿಯರ ಕಲ್ಲಿನ ಪ್ರತಿಮೆಗಳು ಸಾಲಾಗಿ ಮಲಗಿವೆ. 1793ರಲ್ಲಿ ಕ್ರಾಂತಿಕಾರರು ಗೋರಿಗಳನ್ನು ಅಗೆದು ಮೂಳೆಗಳನ್ನು ಗುಂಡಿಗೆ ಎಸೆದಿದ್ದರು. ಆಮೇಲೆ ರಾಜಮನೆತನ ಮರಳಿ ಬಂದಾಗ 16ನೇ ಲೂಯಿ ಮತ್ತು ಅವನ ರಾಣಿ ಮರೀ ಆಂತ್ವಾನೆತ್‌ಗೆ ಪ್ರಾರ್ಥನೆ ಮಾಡುವ ಅಮೃತಶಿಲೆಯ ಮೂರ್ತಿ ಮಾಡಿಸಿದರು. ನನಗೆ ಅವು ಹಿಡಿಸಲಿಲ್ಲ. ಸ್ಟುಡಿಯೋದಲ್ಲಿ ಟಚಪ್ ಮಾಡಿಸಿದ ಫೋಟೋದ ಹಾಗಿವೆ. ಟಿಪ್ಪು ಸುಲ್ತಾನನ ರಾಯಭಾರಿಗಳು ಸಹಾಯ ಕೇಳಿಕೊಂಡು 1788ರಲ್ಲಿ ವರ್ಸೈಗೆ ಬಂದದ್ದು ಇದೇ ಲೂಯಿಯ ಹತ್ತಿರ. ಮರುವರ್ಷವೇ ಕ್ರಾಂತಿ ಶುರುವಾಯಿತು, 1793ರಲ್ಲಿ ಅವನ ತಲೆಯೇ ಹೋಯಿತು ನೋಡಿ.

ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ, ಹಳೆಯ ಸನ್ಯಾಸಿನಿಯರ ಮಠದಲ್ಲಿ, ಪೋಲ್ ಎಲುವಾರ್ ಮ್ಯೂಸಿಯಂ ಇದೆ. ಮಂಗಳವಾರ ಅದಕ್ಕೆ ರಜೆ. "ದಿನಾ ತೆರೆದಿರುತ್ತೆ" ಎಂದು ನಮ್ಮ ಹೋಟೆಲಿನವರು ಎಷ್ಟು ಖಚಿತವಾಗಿ ಹೇಳಿದ್ದರು! ಮುಚ್ಚಿದ ಬಾಗಿಲು ನೋಡಿ ವಾಪಸ್ ಬಂದು, ಮರುದಿನ ಅದೇ ನೂಕುನುಗ್ಗಲಿನ ಮೆಟ್ರೋದಲ್ಲಿ ಮತ್ತೆ ಹೋದೆವು. ಇಂಥ ವಿಷಯ ಹೋಟೆಲಿನಲ್ಲಿ ಕೇಳಬೇಡಿ.

ಆದರೆ ಹೋದದ್ದು ಸಾರ್ಥಕ. ಒನೊರೆ ದೋಮಿಯೇ ಬರೆದ ವ್ಯಂಗ್ಯಚಿತ್ರಗಳ ದೊಡ್ಡ ಸಂಗ್ರಹ ಇಲ್ಲಿದೆ. ಎಲ್ಲ ಕಲ್ಲಚ್ಚಿನಲ್ಲಿ ಮುದ್ರಿಸಿದವು. 1830ರಲ್ಲಿ ಪಟ್ಟಕ್ಕೆ ಬಂದ ಲೂಯಿ ಫಿಲಿಪ್‌ನ ತಲೆಯನ್ನು ಶಾರ್ಲ್ ಫಿಲಿಪೋಂ ಎಂಬ ಪತ್ರಿಕೆಯವನು ಚಿತ್ರದಲ್ಲಿ ಪೇರ್ ಹಣ್ಣು ಮಾಡಿಬಿಟ್ಟಿದ್ದ. ದೋಮಿಯೇ ಇನ್ನೊಂದು ಹೆಜ್ಜೆ ಮುಂದೆ ಹೋದ. ಹಳೆಯ ಫ್ರೆಂಚ್ ಕಥೆಯ ಹೊಟ್ಟೆಬಾಕ ದೈತ್ಯನ ಹೆಸರಿಟ್ಟ ಅವನ 'ಗಾರ್ಗಾಂತುವಾ' ಚಿತ್ರದಲ್ಲಿ ಪೇರ್ ತಲೆಯ ರಾಜ ಕಕ್ಕಸಿನ ಕುರ್ಚಿ ಮೇಲೆ ಕೂತಿದ್ದಾನೆ. ಬಡವರು ಬುಟ್ಟಿಯಲ್ಲಿ ದುಡ್ಡು ಹೊತ್ತು ಹಲಗೆ ಹತ್ತಿ ಅವನ ಬಾಯಿಗೆ ಸುರಿಯುತ್ತಾರೆ. ಕೆಳಗಿನಿಂದ ಪದವಿ, ಪದಕಗಳು ಉದುರುತ್ತವೆ. ಇದಕ್ಕೆ ಸಿಕ್ಕ ಬಹುಮಾನ ಆರು ತಿಂಗಳ ಜೈಲು. ಆಗ ಅವನಿಗೆ 24 ವರ್ಷ.

ನಾನು ನಿಂತುಬಿಟ್ಟದ್ದು ಮಾತ್ರ 1848ರ ಮಾರ್ಚ್‌ನ ಒಂದು ಚಿತ್ರದ ಮುಂದೆ. ರಾಜ ಫೆಬ್ರವರಿ 24ರಂದು ಪಟ್ಟ ಬಿಟ್ಟು ಓಡಿದ್ದಾನೆ. ಜನ ತ್ವಿಲೆರಿ ಅರಮನೆಗೆ ನುಗ್ಗಿದ್ದಾರೆ. ಬೀದಿಯ ಪೋರನೊಬ್ಬ ಸಿಂಹಾಸನದಲ್ಲಿ ಕೂತು, ಮೆತ್ತೆಯೊಳಗೆ ಹೂತುಹೋಗಿ, "ಅಬ್ಬಾ, ಎಷ್ಟು ಒಳಗೆ ಹೋಗುತ್ತೆ ಇದು!" ಎನ್ನುತ್ತಾನೆ. ರಕ್ತ ಇಲ್ಲ, ಬೈಗುಳ ಇಲ್ಲ. ಮೆತ್ತನೆ ಕುರ್ಚಿ ಸಿಕ್ಕ ಖುಷಿ, ಅಷ್ಟೇ.

ನಾನು ಒಬ್ಬಳೇ ನಗುತ್ತಿದ್ದುದನ್ನು ನೋಡಿ ಕಾವಲಿನ ಹೆಂಗಸು ಹತ್ತಿರ ಬಂದರು. ಇಂಗ್ಲಿಷ್ ಚೆನ್ನಾಗಿತ್ತು. ಹಣ್ಣಿನ ಚಿತ್ರ ಬರೆದು ರಾಜನನ್ನು ಇಳಿಸಿದರಲ್ಲ ಎಂದೆ. ಅವರು ಒಪ್ಪಲಿಲ್ಲ.

"ಹಣ್ಣು ಯಾರನ್ನೂ ಇಳಿಸಲ್ಲ. 1846ರಲ್ಲಿ ಬೆಳೆ ಹೋಯಿತು, ಬ್ರೆಡ್ ದುಬಾರಿಯಾಯಿತು. ದುಡ್ಡಿದ್ದವರಿಗೆ ಮಾತ್ರ ಓಟು. ಅದರ ಮೇಲೆ ಸೈನಿಕರು ಬೀದಿಯಲ್ಲಿ ಗುಂಡು ಹಾರಿಸಿದರು."

"ಹಾಗಾದರೆ ಚಿತ್ರಗಳಿಗೆ ಯಾಕೆ ಅಷ್ಟು ಹೆದರಿದರು?"

"ಓದಲು ಬಾರದವರಿಗೂ ಅರ್ಥ ಆಗುತ್ತಲ್ವಾ! 1835ರ ಕಾನೂನು ನೋಡಿ. ಲೇಖನ ಅಚ್ಚು ಹಾಕಲು ಮೊದಲೇ ಒಪ್ಪಿಗೆ ಬೇಡ, ಚಿತ್ರಕ್ಕೆ ಬೇಕು."

ನನಗೆ ಇದು ಗೊತ್ತಿರಲಿಲ್ಲ. ಅವರು ಹೇಳಿದ್ದೂ ಸರಿ, ಆದರೂ ನಾನು ಸುಮ್ನೆ ಒಪ್ಪಲಿಲ್ಲ. ರಾಜ ಅಂದರೆ ಪೇರ್ ಹಣ್ಣು ಎಂದು ಜನರ ಬಾಯಲ್ಲಿ ಬಂದ ಮೇಲೆ ಅವನಿಗೆ ಹೆದರುವುದು ಕಷ್ಟ. ಅದನ್ನೇ ಹೇಳಿದೆ. ಅವರು, "ಆದರೆ ಈ ಹುಡುಗನ ಖುಷಿ ಜಾಸ್ತಿ ದಿನ ಇರಲಿಲ್ಲ. ಅದೇ ಡಿಸೆಂಬರ್‌ನಲ್ಲಿ ಜನ ಓಟು ಹಾಕಿ ನೆಪೋಲಿಯನ್ನನ ತಮ್ಮನ ಮಗನನ್ನು ಆರಿಸಿದರು. 1852ಕ್ಕೆ ಅವನೂ ಚಕ್ರವರ್ತಿ" ಎಂದು ನಕ್ಕರು. ದೋಮಿಯೇಗೆ ಮತ್ತೆ ಸೆನ್ಸಾರ್ ಕಾಟ.

ಆ ಸಿಂಹಾಸನವನ್ನು ಜನ ಬಾಸ್ತಿಯ್ ಚೌಕಕ್ಕೆ ಹೊತ್ತೊಯ್ದು ಸುಟ್ಟರಂತೆ. ಲೂಯಿ ಫಿಲಿಪ್ ಮಿಸ್ಟರ್ ಸ್ಮಿತ್ ಎಂಬ ಹೆಸರಲ್ಲಿ ಇಂಗ್ಲೆಂಡಿಗೆ ಪರಾರಿಯಾದ. ಅವನ ಗೋರಿ ಪಕ್ಕದ ಚರ್ಚಿನಲ್ಲಿ ಇದೆಯಾ ಎಂದು ಕೇಳಿದೆ. ಇಲ್ಲ, ದ್ರೂ ಎಂಬ ಊರಲ್ಲಿ ಅವರ ಕುಟುಂಬದ್ದೇ ಬೇರೆ ಚರ್ಚ್ ಇದೆಯಂತೆ. ಪ್ಯಾರಿಸ್‌ನಿಂದ ರೈಲಿದೆ. ನಾನು ಹೋಗಲಿಲ್ಲ, ಇನ್ನೊಂದು ಸುತ್ತು ದೋಮಿಯೇ ನೋಡಿದೆ.